‘ಈಗ ನಿಂತಿದೆ’ ಅಂತ ಬರೆದೆಯಲ್ಲ

ಪುಟ್ಟಾ,

ನಿನ್ನ ಮೇಲ್ ರಾತ್ರಿ ಹನ್ನೊಂದಕ್ಕೆ ಓದಿದೆ. ನಿನಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನಿನ್ನಪ್ಪನ ಫೋನಿಗೆ ಮಾಡಿದೆ, ಎತ್ತಿ ‘ಚೆನ್ನಾಗಿದೀನಿ, ಮಲಕ್ಕೋ’ ಅಂದು ಇಟ್ಟುಬಿಟ್ಟ. ಅದಕ್ಕೇ ಬರೆಯುತ್ತಿದ್ದೇನೆ.

ಕೊನೆಯಲ್ಲಿ ಒಂದು ಸಾಲು ಸುಮ್ನೆ ಸೇರಿಸಿದ್ದೀಯ. ಅಪ್ಪನಿಗೆ ಎರಡು ದಿನ ಮಲ ಕಪ್ಪಗೆ ಹೋಯಿತು, ಈಗ ನಿಂತಿದೆ, ಐರನ್ ಮಾತ್ರೆಯಿಂದ ಇರಬಹುದಾ ಅಂತ. ಆ ‘ನಿಂತಿದೆ’ ಅನ್ನುವ ಮಾತೇ ನನಗೆ ನಿದ್ದೆ ಕೊಡಲಿಲ್ಲ.

ಐರನ್ ಮಾತ್ರೆಗೆ ಕಪ್ಪಾಗುತ್ತೆ, ನಿಜ. ಆದರೆ ಒಳಗೆ ರಕ್ತ ಸೋರಿದಾಗಿನಂತೆ ಡಾಂಬರಿನ ಹಾಗೆ ಅಂಟುವುದಿಲ್ಲ, ಆ ಕೆಟ್ಟ ವಾಸನೆಯೂ ಇರುವುದಿಲ್ಲ. ನೀರು ಹುಯ್ದರೂ ಹೋಗದೆ ಅಂಟಿಕೊಂಡಿತ್ತಾ? ಅಪ್ಪನನ್ನು ಕೇಳಲು ಸಂಕೋಚ, ಗೊತ್ತು. ಕೇಳು.

ದೊಡ್ಡಮ್ಮನಿಗೂ ನಿನ್ನಪ್ಪನ ಹಾಗೇ ಮಹಾಧಮನಿಗೆ, ಅಂದರೆ ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳಕ್ಕೆ, ಕೃತಕ ನಾಳ ಹೊಲಿದ ಆಪರೇಷನ್ ಆಗಿತ್ತು; ಆ ಕಥೆ ನಿನಗೆ ಹೊಸದಲ್ಲ. ಹೇಳದೇ ಇದ್ದದ್ದು ಒಂದಿದೆ. ಅದಾಗಿ ಮೂರು ವರ್ಷದ ಮೇಲೆ ಒಂದು ಬೆಳಗಿನ ಜಾವ ನನ್ನನ್ನು ಬಚ್ಚಲಿಗೆ ಕರೆದು ತೋರಿಸಿದಳು. ಕರೆಂಟ್ ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿ, ‘ನಿನ್ನೆ ಹುರುಳಿ ಸಾರು ತಿಂದೆಯಲ್ಲ, ಅದೇ’ ಅಂದೆ. ಮಾರನೇ ದಿನ ಸರಿಹೋಯಿತು. ಒಂದು ಗೃಹಪ್ರವೇಶಕ್ಕೂ ಹೋಗಿಬಂದೆವು, ಅಲ್ಲಿ ಅವಳೇ ಹೋಳಿಗೆ ಬಡಿಸಿದಳು. ಎಂಟನೇ ದಿನ ಸಂಜೆ ಹೊಟ್ಟೆ ತೊಳಸುತ್ತೆ ಅಂತ ಸಿಂಕಿನ ಹತ್ತಿರ ಹೋದಳು. ಮುಂದಿನದು ಬೇಡ. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿ ಹೊಟ್ಟೆಯಲ್ಲಿ ಹುಣ್ಣಿಲ್ಲ ಅಂದರು. ಹಳೇ ಆಪರೇಷನ್ ವಿಷಯ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಒಬ್ಬ ಡಾಕ್ಟರು ಚೀಟಿಯ ಹಿಂದೆ ಗೀಚಿ ತೋರಿಸಿದರು. ಸಣ್ಣ ಕರುಳಿನ ಮೊದಲ ಭಾಗ ಮಹಾಧಮನಿಯ ಮುಂದೆಯೇ ಅಡ್ಡ ಹಾಯುತ್ತೆ. ಅಲ್ಲಿ ಹೊಲಿದ ಕೃತಕ ನಾಳ ಕರುಳಿಗೆ ಒತ್ತಿಯೋ, ಸೋಂಕಾಗಿಯೋ, ಎಷ್ಟೋ ವರ್ಷದ ಮೇಲೂ ತೂತಾಗಬಹುದು. ಮೊದಲು ಸ್ವಲ್ಪ ರಕ್ತ ಹೋಗಿ, ಹೆಪ್ಪುಗಟ್ಟಿ ತಾನೇ ನಿಲ್ಲುತ್ತೆ. ಕೆಲವು ಗಂಟೆಯೋ, ವಾರವೋ ಬಿಟ್ಟು ದೊಡ್ಡದು ಬರುತ್ತೆ.

ಹೆದರಿಸುತ್ತಿದ್ದೇನೆ ಅಲ್ವಾ? ಇದು ಅಪರೂಪ, ಮಗು. ಜಾಸ್ತಿ ಸಲ ಕಾರಣ ಹುಣ್ಣೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಮೇಲೆ ಮಂಡಿನೋವಿಗೆ ಅವನು ಅಂಗಡಿಯಿಂದ ತಂದು ನುಂಗುವ ಮಾತ್ರೆ, ಇವೆಲ್ಲ ಸೇರಿದರೆ ಹುಣ್ಣಿನಿಂದ ರಕ್ತ ಹೋಗಬಹುದು. ಆಪರೇಷನ್ ಆದ ಮೊದಲ ದಿನಗಳಲ್ಲಾದರೆ ದೊಡ್ಡ ಕರುಳಿಗೆ ರಕ್ತ ಸಾಲದೆ ಕೆಂಪಗೆ ಭೇದಿಯಾಗುವುದುಂಟು. ನಿನ್ನಪ್ಪನಿಗೆ ಆ ಕಾಲ ದಾಟಿ ಒಂದೂವರೆ ವರ್ಷವಾಯಿತು. ಅದಕ್ಕೇ ನನ್ನ ಮನಸ್ಸು ಮತ್ತೆ ಮತ್ತೆ ಆ ಬಚ್ಚಲಿಗೇ ಹೋಗುತ್ತೆ.

ನಾನು ಡಾಕ್ಟರಲ್ಲ, ಅತಿಯಾಯಿತು ಅನ್ನಿಸಿದರೆ ಬೈದುಕೋ. ಆದರೆ ಇದನ್ನು ಓದಿದ ತಕ್ಷಣ ಆಪರೇಷನ್ ಆದ ಆಸ್ಪತ್ರೆಯ ಎಮರ್ಜೆನ್ಸಿಗೇ ಕರೆದುಕೊಂಡು ಹೋಗು. ಡಿಸ್ಚಾರ್ಜ್ ಫೈಲ್ ಬೀರುವಿನ ಮೇಲಿದೆ. ‘ಮಹಾಧಮನಿಗೆ ಗ್ರಾಫ್ಟ್ ಹಾಕಿದೆ’ ಅಂತ ಮೊದಲೇ ಹೇಳು, ಆ ಕೃತಕ ನಾಳಕ್ಕೆ ಅವರು ಗ್ರಾಫ್ಟ್ ಅನ್ನುತ್ತಾರೆ; ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸ್ಕ್ಯಾನ್, ಬೇಕಾ ಅಂತ ಕೇಳು. ಆಸ್ಪಿರಿನ್ ನೀವಾಗೇ ನಿಲ್ಲಿಸಬೇಡಿ. ಈಚೆಗೆ ಸಣ್ಣ ಜ್ವರ ಬರುತ್ತಿತ್ತಾ? ಅದನ್ನೂ ಹೇಳು. ಅವನು ಬೇಡ ಅಂದರೆ ನನಗೆ ಫೋನ್ ಕೊಡು.

ಐದೂವರೆ ಬಸ್ಸಿಗೆ ಹೊರಟಿದ್ದೇನೆ.

ನಿನ್ನ ದೊಡ್ಡಪ್ಪ