ಎರಡನೇ ಸಲದ ನೀರು

ಕಾರ್ಕಳ
ಸೋಮವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ. ಕುಕ್ಕರ್ ಕೂಗುತ್ತಾ ಉಂಟು, ಆಮೇಲೆ ಮಾಡುತ್ತೇನೆ ಅಂದೆ. ಕುಕ್ಕರ್ ಒಲೆಯ ಮೇಲೆ ಇರಲೇ ಇಲ್ಲ. ಬೆಂಗಳೂರಿನ ಆ ಹೊಸ ಚರ್ಚಿನ ಸಭೆಯಲ್ಲಿ ನೀರಿನಲ್ಲಿ ಪೂರ್ತಿ ಮುಳುಗುವ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತೆಗೆದುಕೊಳ್ಳುತ್ತೇನೆ ಅಂತ ನೀನು ಹೇಳಿದೆಯಲ್ಲ, ಅದಕ್ಕೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಬರೆಯುವಾಗ ನನಗೆ ಧೈರ್ಯ ಸ್ವಲ್ಪ ಜಾಸ್ತಿ.

ಮೊದಲು ನನ್ನ ಸಂಕಟ ಹೇಳಿಬಿಡುತ್ತೇನೆ. ನಿನಗೆ ನಾಲ್ಕು ತಿಂಗಳು. ಅಯ್ಯನವರು ನಿನ್ನ ಹಣೆಗೆ ಮೂರು ಸಲ ನೀರು ಹಾಕಿದರು. ನೀನು ಅಳಲಿಲ್ಲ, ಅವರ ಕನ್ನಡಕ ಹಿಡಿದು ಎಳೆದೆ. ಇಡೀ ಸಭೆ ನಕ್ಕಿತು. ನಿನ್ನ ಪರವಾಗಿ ಮಾತು ಕೊಟ್ಟವರು ನಾನು ಮತ್ತು ಪಪ್ಪ. ಈಗ ನೀನು ಅದು ದೀಕ್ಷಾಸ್ನಾನವೇ ಅಲ್ಲ ಅಂದರೆ ಅವತ್ತು ನಾವು ಮಾಡಿದ್ದೇನು? ಸುಮ್ನೆ ಮಗುವಿನ ತಲೆ ಒದ್ದೆ ಮಾಡಿದ್ದಾ? ನಿಮ್ಮ ಸಭೆಯವರು ಇದನ್ನು ಎರಡನೇ ದೀಕ್ಷಾಸ್ನಾನ ಅನ್ನುವುದಿಲ್ಲ, ಇದೇ ಮೊದಲನೆಯದು ಅನ್ನುತ್ತಾರೆ, ಗೊತ್ತು. ಚುಚ್ಚುವುದು ಆ ಮಾತೇ.

ಸರಿ, ಸಂಕಟದ ಮಾತು ಮುಗಿಯಿತು. ಈಗ ನಮ್ಮ ಸಭೆ ಬಿಡುವ ಕಾರಣ ಬರೆದು ನೀನು ವಾಟ್ಸಾಪಿನಲ್ಲಿ ಕಳಿಸಿದ ಪತ್ರದ ವಿಷಯ. ಇಲ್ಲಿನ ಸಭಾಪಾಲಕರಿಗೆ ಕೊಡು ಅಂದಿದ್ದೀ. ಪ್ರಿಂಟ್ ತೆಗೆಸಿ ಎರಡು ಸಲ ಓದಿದೆ. ನಾಲ್ಕು ಪುಟ, ಹದಿನೇಳು ವಚನ. ಒಳ್ಳೆಯ ಕನ್ನಡ, ಟೀಚರ್ ಮಗಳು ಅನ್ನುವುದು ಗೊತ್ತಾಗುತ್ತದೆ. ಕೂಸಿಗೆ ದೀಕ್ಷಾಸ್ನಾನ ಕೊಟ್ಟ ಉದಾಹರಣೆ ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ ಎಂದು ಬರೆದಿದ್ದೀ. ನಾನೂ ಹುಡುಕಿದೆ. ಐಥಿಯೋಪ್ಯದ ಕಂಚುಕಿ ನಂಬಿದ ಮೇಲೆಯೇ ನೀರಿಗೆ ಇಳಿದದ್ದು, ಒಪ್ಪಿದೆ. ಆದರೆ ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಲುದ್ಯಳೂ ಅವಳ ಮನೆಯವರೂ ದೀಕ್ಷಾಸ್ನಾನ ಮಾಡಿಸಿಕೊಂಡರು ಅಂತ ಉಂಟು. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಯ ಮನೆಯವರೂ ಹಾಗೆಯೇ. ಆ ಮನೆಗಳಲ್ಲಿ ತೊಟ್ಟಿಲು ಇತ್ತೋ ಇಲ್ಲವೋ, ಲೂಕ ಬರೆಯಲಿಲ್ಲ. ಬರೆದಿದ್ದರೆ ನಮ್ಮ ಜಗಳ ಅರ್ಧ ಮುಗಿಯುತ್ತಿತ್ತು.

ನಿನ್ನ ಸಂಶಯ ತಪ್ಪು ಅಂತ ಸಾಧಿಸಲು ಕೂತವಳಲ್ಲ ನಾನು. ಅದು ಹೊಸದೂ ಅಲ್ಲ ಮಾರಾಯ್ತಿ. ನಮ್ಮ ಹಿರಿಯರಿಗೆ ಸುವಾರ್ತೆ ತಂದವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು, ಅಲ್ವಾ? ಅದೇ ಬಾಸೆಲ್ ಊರಿನಲ್ಲಿ ಹುಟ್ಟಿದ ಕಾರ್ಲ್ ಬಾರ್ಟ್ ಎಂಬ ದೊಡ್ಡ ದೇವಶಾಸ್ತ್ರಜ್ಞರು 1943ರಲ್ಲಿಯೇ ಶಿಶು ದೀಕ್ಷಾಸ್ನಾನದ ಪದ್ಧತಿ ಸರಿಯಿಲ್ಲ ಅಂತ ಉಪನ್ಯಾಸ ಕೊಟ್ಟರು. ವಯಸ್ಸಾದ ಹಾಗೆ ಆ ಮಾತು ಮೆತ್ತಗಾಗಲಿಲ್ಲ, ಇನ್ನೂ ಗಟ್ಟಿಯಾಯಿತು. ಆದರೂ ಅವರು ಸಾಯುವವರೆಗೆ, ಅಂದರೆ 1968ರವರೆಗೆ, ಕೂಸುಗಳಿಗೆ ನೀರು ಹಾಕುವ ಅದೇ ರಿಫಾರ್ಮ್ಡ್ ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಯಲ್ಲಿಯೇ ಉಳಿದರು. ಚಿಕ್ಕಂದಿನಲ್ಲಿ ಆದದ್ದು ಕ್ರಮದಲ್ಲಿ ತಪ್ಪಿರಬಹುದು, ಆದರೆ ಆಗಿದೆ, ಇನ್ನೊಮ್ಮೆ ಮಾಡಬಾರದು ಎಂಬುದು ಅವರ ವಾದ. ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿ ಓದಿದ ನಿನ್ನ ಮಾವ ಇದನ್ನು ಹೇಳಿದಾಗ ನನಗೆ ನಗು ಬಂತು. ತಪ್ಪು ಅಂತ ಗೊತ್ತಿದ್ದೂ ಹೋಗದೆ ಕೂತವರು ನಮ್ಮಂಥವರು ಮಾತ್ರ ಅಂದುಕೊಂಡಿದ್ದೆ!

ಹೋದವರೂ ಇದ್ದಾರೆ, ಆ ಕಥೆಯನ್ನೂ ಹೇಳಬೇಕು. 1812ರಲ್ಲಿ ಅಡೋನಿರಾಮ್ ಜಡ್ಸನ್, ಆನ್ ಜಡ್ಸನ್ ಎಂಬ ಹೊಸದಾಗಿ ಮದುವೆಯಾದ ಜೋಡಿ ಅಮೆರಿಕದಿಂದ ಕಲ್ಕತ್ತೆಗೆ ಹಡಗು ಹತ್ತಿತು. ಅವರನ್ನು ಕಳಿಸಿದ್ದು ಕಾಂಗ್ರಿಗೇಷನಲ್ ಸಭೆಯವರ ಮಿಶನ್, ಅಂದರೆ ಕೂಸುಗಳಿಗೆ ನೀರು ಹಾಕುವವರು. ಬಂಗಾಳದಲ್ಲಿ ಮಿಶನರಿ ವಿಲಿಯಂ ಕೇರಿಯ ಬ್ಯಾಪ್ಟಿಸ್ಟರು, ಅಂದರೆ ನಂಬಿದ ಮೇಲೆ ಮಾತ್ರ ಮುಳುಗಿಸಿ ದೀಕ್ಷಾಸ್ನಾನ ಕೊಡುವವರು, ಸಿಗುತ್ತಾರೆ, ಅವರಿಗೆ ಉತ್ತರ ಕೊಡಬೇಕಲ್ಲ ಅಂತ ಜಡ್ಸನ್ ಹಡಗಿನಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಹಿಡಿದು ಕೂತರು. ಉತ್ತರ ಹುಡುಕಲು ಹೋಗಿ ಅವರ ಮನಸ್ಸೇ ಬದಲಾಯಿತು. ನೀವು ಬ್ಯಾಪ್ಟಿಸ್ಟ್ ಆದರೂ ನಾನು ಆಗುವುದಿಲ್ಲ ಅಂದಳು ಹೆಂಡತಿ. ಆಮೇಲೆ ತಾನೂ ಓದಿ ನೋಡಿದಳು. ಸೆಪ್ಟೆಂಬರ್ 6ರಂದು ಕಲ್ಕತ್ತೆಯ ಲಾಲ್ ಬಜಾರ್ ಚಾಪೆಲ್‌ನಲ್ಲಿ ಇಬ್ಬರೂ ಮುಳುಗಿ ಎದ್ದರು. ಅವರ ಸಂಬಳ ಬರುತ್ತಿದ್ದದ್ದು ಊರಿನ ಆ ಮಿಶನ್‌ನಿಂದ. ಅದನ್ನು ಬಿಟ್ಟರು. ಪರದೇಶದಲ್ಲಿ, ಕೈಯಲ್ಲಿ ಕಾಸಿಲ್ಲದೆ, ತಮ್ಮನ್ನು ಪ್ರೀತಿಯಿಂದ ಕಳಿಸಿಕೊಟ್ಟವರ ಮನಸ್ಸು ನೋಯಿಸಿ. ಅವರಿಗೆ ಹೋಗಿ ಲಾಭ ಇರಲಿಲ್ಲ. ಅದಕ್ಕೇ ಅವರು ವಚನ ಹೇಳಿದರೆ ನಾನು ನಂಬುತ್ತೇನೆ.

ನಿನ್ನ ಪತ್ರ ಓದುವಾಗ ಮಾತ್ರ ಏನೋ ಬಿಟ್ಟುಹೋಗಿದೆ ಅನ್ನಿಸಿತು. ಮಧ್ಯಾಹ್ನ ಬಟ್ಟೆ ಒಣಗಿಸುವಾಗ ಹೊಳೆಯಿತು. ಗಂಜಿಯ ಮಾತೇ ಇಲ್ಲ.

ಹೋದ ವರ್ಷ ನಿನಗೆ ಡೆಂಗ್ಯೂ ಬಂದಾಗ ನಾನು ಬರುವುದಕ್ಕೆ ಎರಡು ದಿನ ಆಯಿತು. ಆ ಎರಡು ದಿನ ಪಿ.ಜಿ.ಯಲ್ಲಿ ನಿನ್ನ ಪಕ್ಕ ಕೂತದ್ದು ಆ ಸಭೆಯ ಇಬ್ಬರು ಹೆಂಗಸರು. ಅದಕ್ಕಿಂತ ಮೂರು ವಾರ ಮುಂಚೆ ಅವರಿಗೆ ನಿನ್ನ ಹೆಸರೂ ಗೊತ್ತಿರಲಿಲ್ಲ. ಗಂಜಿ ಮಾಡಿ ತಂದರು, ಪ್ಲೇಟ್‌ಲೆಟ್ ರಿಪೋರ್ಟ್ ಹಿಡಿದು ಓಡಾಡಿದರು, ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು. ನಮ್ಮದೇ ಪಂಗಡದ ಸಭೆಗೆ ನೀನು ಎಂಟು ತಿಂಗಳು ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಿದ್ದೆ. ಒಬ್ಬರೂ ನಿನ್ನ ಊರು ಯಾವುದು ಅಂತ ಕೇಳಲಿಲ್ಲ. ಇದು ನಿಜವಾದ ಕಾರಣ ಅಲ್ವಾ ಮಗಾ? ಹಾಗಿದ್ದರೆ ಅದರಲ್ಲಿ ನಾಚಿಕೆ ಏನು? ಹದಿನೇಳು ವಚನಗಳಿಗಿಂತ ನನಗೆ ಆ ಗಂಜಿ ದೊಡ್ಡ ಕಾರಣ. ಆದರೆ ಗಂಜಿ ಕುಡಿದು ಹೋದವಳು, ನೀರು ಸರಿಯಿಲ್ಲ ಅಂತ ಪತ್ರ ಬರೆಯಬಾರದು.

ನಾನು ಉಳಿದದ್ದಾದರೂ ಯಾವ ತತ್ವಕ್ಕೆ? ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ.

ನಿನ್ನ ಪಪ್ಪನ ಕಡೆಯ ಹಿರಿಯರು ಮುಲ್ಕಿಯ ಹತ್ತಿರದವರು, ಬಿಲ್ಲವರು. ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಪಪ್ಪನ ಮುತ್ತಜ್ಜ ಸಭೆಗೆ ಸೇರಿದ್ದು ಎಷ್ಟೋ ವರ್ಷಗಳ ಮೇಲೆ, ಇಪ್ಪತ್ತರ ಪ್ರಾಯದಲ್ಲಿ. ಸೇರಿದ ದಿನವೇ ಮೂರ್ತೆ ಕೆಲಸ ಹೋಯಿತು. ಕಳ್ಳು ಇಳಿಸುವುದು ಮಿಶನ್‌ನವರಿಗೆ ಆಗದು. ಹೊಟ್ಟೆಪಾಡಿಗೆ ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಹೋದರು. 1865ರಲ್ಲಿ ಮಿಶನ್‌ನವರು ಶುರು ಮಾಡಿದ್ದು, ಗೊತ್ತಲ್ಲ. ಅವರಿಗೆ ಯಾವ ಸಿದ್ಧಾಂತ ಎಷ್ಟು ಅರ್ಥವಾಗಿತ್ತೋ ದೇವರಿಗೇ ಗೊತ್ತು. ಆ ಮಿಶನ್‌ನಲ್ಲಿಯೇ ಲೂಥರನವರೂ ರಿಫಾರ್ಮ್ಡ್‌ನವರೂ ಕಲಸಿಕೊಂಡಿದ್ದರು! ಊರಿಗೆ ಹೋದಾಗ ಮಾತ್ರ ಆ ಮುತ್ತಜ್ಜನ ಅಮ್ಮ ಜಗಲಿಯಲ್ಲಿ ಎಲೆ ಹಾಕಿ ಊಟ ಕೊಡುತ್ತಿದ್ದಳಂತೆ, ಒಳಗೆ ಕರೆಯುತ್ತಿರಲಿಲ್ಲ. ಸಾಯುವವರೆಗೂ ಮಗನ ಕೈಯಿಂದ ನೀರು ಕುಡಿಯಲಿಲ್ಲ. ಈ ಕಥೆಯನ್ನು ನಾನು ಮದುವೆಯಾಗಿ ಬಂದ ವರ್ಷ ನಿನ್ನ ಅಜ್ಜಿ ಹೇಳಿದ್ದು. ಆಗ ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂದಿತ್ತು. ನಿನ್ನೆ ಫೋನ್ ಇಟ್ಟ ಮೇಲೆ ಅವಳ ನೆನಪಾಯಿತು. ಸಿಟ್ಟು ಬರಲಿಲ್ಲ.

ಅವಳು ನರಕದಲ್ಲಿದ್ದಾಳೆ ಅಂತ ನಂಬಲು ನನ್ನಿಂದ ಆಗುವುದಿಲ್ಲ. ಇದು ನನ್ನ ಸಂಶಯ. ನಲವತ್ತು ವರ್ಷ ಹಾಡುಗಾರರ ಸಾಲಿನಲ್ಲಿ ನಿಂತು ವಿಶ್ವಾಸ ಪ್ರಮಾಣ ಹೇಳಿದ್ದೇನೆ. ತೀರ್ಪಿನ ಮಾತು ಬಂದಾಗಲೆಲ್ಲ ಜಗಲಿಯಲ್ಲಿ ಎಲೆ ಹಾಸುವ ಮುದುಕಿ ಕಣ್ಣ ಮುಂದೆ ಬರುತ್ತಾಳೆ, ನನ್ನ ದನಿ ಸಣ್ಣಗಾಗುತ್ತದೆ. ಒಮ್ಮೆ ಹಳೆಯ ಅಯ್ಯನವರ ಹತ್ತಿರ ಹೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಆ ತೀರ್ಪು ನಮ್ಮ ಕಮಿಟಿಗೆ ಬರುವುದಿಲ್ಲ, ಅದೇ ಒಂದು ಪುಣ್ಯ ಅಂದರು. ಅಷ್ಟು ಜಾಗ ನನಗೆ ಸಾಕಾಯಿತು. ನೀನು ಮೊನ್ನೆ ಕಳಿಸಿದ ಪ್ರಸಂಗದ ವಿಡಿಯೋದಲ್ಲಿ ನಿನ್ನ ಪಾಸ್ಟರ್ ಈ ವಿಷಯವನ್ನು ಎರಡೇ ನಿಮಿಷದಲ್ಲಿ ಮುಗಿಸಿದರು. ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಅವರಿಗೆ ಸಂಶಯವೇ ಇಲ್ಲ. ನಿನಗೂ ಇಲ್ಲವಾ? ಇದ್ದರೆ ಆ ಸಂಶಯ ಇಟ್ಟುಕೊಳ್ಳಲು ಅಲ್ಲಿ ಮೂಲೆ ಸಿಗುತ್ತದಾ, ಅದನ್ನೊಂದು ನೋಡಿಕೋ. ನೀರಿನ ಪ್ರಶ್ನೆಯೂ ಅಲ್ಲಿಗೆ ಮುಗಿಯುವುದಿಲ್ಲ. ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂತೆಕೋಸ್ತ್ ಪಂಗಡ ಶುರುವಾಗಿ ಎರಡೇ ವರ್ಷಕ್ಕೆ, 1916ರಲ್ಲಿ, ಒಡೆಯಿತು. ದೀಕ್ಷಾಸ್ನಾನ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲೋ, ಯೇಸುವಿನ ಹೆಸರೊಂದರಲ್ಲೋ ಎಂಬ ಜಗಳ ತ್ರಯೈಕ ದೇವರವರೆಗೆ ಹೋಯಿತು. ಎಲ್ಲರೂ ಮುಳುಗಿ ಎದ್ದವರೇ.

ನಾನೂ ಒಮ್ಮೆ ಹೊರಟಿದ್ದೆ. ಸಭೆಯ ಚುನಾವಣೆ, ಕೋರ್ಟು, ಆರಾಧನೆ ಮುಗಿದ ಕೂಡಲೇ ಅಂಗಳದಲ್ಲಿ ಬೊಬ್ಬೆ ಇದ್ದ ಆ ವರ್ಷ. ಮೂರು ತಿಂಗಳು ನಿನ್ನ ಚಿಕ್ಕಮ್ಮನ ಜೊತೆ ಇಗರ್ಜಿಗೆ ಹೋದೆ. ಅವಳು ಮದುವೆಯಾಗಿ ಕಥೋಲಿಕಳಾದವಳು, ನಮ್ಮ ಕಡೆ ಸಭೆ ಬದಲಾಗುವುದು ಜಾಸ್ತಿ ಮದುವೆಯಿಂದಲೇ. ಒಂದು ತಮಾಷೆ ಹೇಳುತ್ತೇನೆ. ನಮ್ಮ ಅಜ್ಜನಿಗೆ ಕಥೋಲಿಕರು ಅಂದರೆ ಬಹಳ ದೂರದವರು. ಆದರೆ ಆ ಕಥೋಲಿಕರು ಚಿಕ್ಕಮ್ಮನಿಗೆ ಇನ್ನೊಮ್ಮೆ ದೀಕ್ಷಾಸ್ನಾನ ಕೊಡಲಿಲ್ಲ. ನೀರಿನಿಂದ, ತ್ರಯೈಕ ದೇವರ ಹೆಸರಿನಲ್ಲಿ ಆಗಿದ್ದರೆ ಸಾಕು, ನಮ್ಮದನ್ನು ಅವರು ಒಪ್ಪುತ್ತಾರೆ. ಆದರೆ ಪರಮಪ್ರಸಾದ ಕೊಡುವ ಹೊತ್ತಿಗೆ ನಾನು ಬೆಂಚಿನಲ್ಲಿಯೇ ಕೂತಿರಬೇಕಿತ್ತು. ನನ್ನ ಮೊಣಕಾಲು ದಾಟಿ ಎಲ್ಲರೂ ಮುಂದೆ ಹೋಗುತ್ತಿದ್ದರು. ಹನ್ನೆರಡನೇ ಭಾನುವಾರ ಸಾಕು ಅನ್ನಿಸಿತು. ವಾಪಸ್ ಬಂದೆ. ಜಗಳ ಹಾಗೆಯೇ ಇತ್ತು. ಜರ್ಮನಿಯ ರಾಗಕ್ಕೆ ಕನ್ನಡದ ಪದ, ಅದಕ್ಕೆ ನಮ್ಮ ತುಳು ನಾಲಿಗೆ, ಆ ಹಾಡೂ ಹಾಗೆಯೇ ಇತ್ತು. ಬೆಳೆಹಬ್ಬದ ಹರಾಜಿನಲ್ಲಿ ನಾನು ಕೊಟ್ಟ ಕುಂಬಳಕಾಯಿಯನ್ನು ನಾನೇ ಮುನ್ನೂರು ರೂಪಾಯಿಗೆ ಕೂಗಿ ವಾಪಸ್ ತಂದೆ. ಪಪ್ಪನ ಸಮಾಧಿ ಅಲ್ಲಿಯೇ ಗುಡ್ಡದ ಮೇಲೆ. ಪಕ್ಕದ ಜಾಗ ನನಗೆ. ಇದನ್ನೆಲ್ಲ ಸಿದ್ಧಾಂತ ಅಂತ ಕರೆಯಲು ಆಗುವುದಿಲ್ಲ. ಉಳಿದದ್ದಕ್ಕೆ ಕಾರಣ ಇಷ್ಟೇ.

ಎಲ್ಲಿಯೂ ಪೂರ್ತಿ ಸೇರದೆ ಬದುಕಿದವರೂ ಇದ್ದಾರೆ. ಪಂಡಿತಾ ರಮಾಬಾಯಿ. ಅವರ ತಂದೆ ಇಲ್ಲೇ ನಮ್ಮ ಮಾಳದವರು, ಬ್ರಾಹ್ಮಣರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಘಟ್ಟದ ಮೇಲೆ, ತುಂಗಾ ಭದ್ರಾ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಅವರ ದೀಕ್ಷಾಸ್ನಾನ ಆಯಿತು. ಅವತ್ತೇ ಮಗಳು ಮನೋರಮೆಗೂ ಆಯಿತು. ಆ ಮಗುವಿಗೆ ಎರಡೂವರೆ ವರ್ಷ. ಅದಾಗಿ ಎರಡು ವರ್ಷ ಕಳೆಯುವುದರೊಳಗೆ ಆಶ್ರಯ ಕೊಟ್ಟ ಆಂಗ್ಲಿಕನ್ ಸಿಸ್ಟರುಗಳ ಜೊತೆಗೇ ಪತ್ರಗಳಲ್ಲಿ ವಾದ. ತ್ರಯೈಕ ದೇವರ ಬಗ್ಗೆ ಸಂಶಯ, ಬಿಷಪ್ಪರ ಅಧಿಕಾರದ ಬಗ್ಗೆ ಸಂಶಯ. ಕಷ್ಟಪಟ್ಟು ಒಂದು ಪುರೋಹಿತರ ನೊಗದಿಂದ ಕುತ್ತಿಗೆ ಬಿಡಿಸಿಕೊಂಡು ಬಂದಿದ್ದೇನೆ, ಇನ್ನೊಂದು ನೊಗಕ್ಕೆ ಕೊಡುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಇರಲಿ ಅಂದರು. ಆ ಸಿಸ್ಟರುಗಳಿಗೆ ಎಷ್ಟು ನೋವಾಗಿರಬೇಕು ಅಂತ ಮೊದಲು ನನಗೆ ಅನ್ನಿಸಿರಲೇ ಇಲ್ಲ. ಆಮೇಲೆ ಅವರು ದಿಕ್ಕಿಲ್ಲದ ಹೆಂಗಸರಿಗಾಗಿ ಕಟ್ಟಿದ ಕೇಡಗಾಂವ್‌ನ ಮುಕ್ತಿ ಮಿಶನ್‌ನಲ್ಲಿ 1905ರಲ್ಲಿ ಹುಡುಗಿಯರೆಲ್ಲ ಅಳುತ್ತಾ ಗಟ್ಟಿಯಾಗಿ ಪ್ರಾರ್ಥಿಸತೊಡಗಿದ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪೆಂತೆಕೋಸ್ತ್ ಚರಿತ್ರೆ ಹೇಳುವವರು ಅದನ್ನು ಬಿಡುವುದಿಲ್ಲ. ಆದರೂ ಆ ಸಂಸ್ಥೆಯನ್ನು ಅವರು ಯಾವ ಪಂಗಡಕ್ಕೂ ಕಟ್ಟಿಹಾಕಲಿಲ್ಲ. ನನಗೆ ಅಷ್ಟು ಧೈರ್ಯ ಇಲ್ಲ. ನನಗೆ ಹಾಡಲು ಒಂದು ಸಾಲು ಬೇಕು.

ನಾವು ಉತ್ತರ ಭಾರತದಲ್ಲಿದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲವೋ ಏನೋ. ಬೇರೆ ಬೇರೆ ಪಂಗಡಗಳು 1970ರಲ್ಲಿ ನಾಗ್ಪುರದಲ್ಲಿ ಒಂದಾಗಿ ಅಲ್ಲಿನ ಸಿ.ಎನ್.ಐ. (ಚರ್ಚ್ ಆಫ್ ನಾರ್ತ್ ಇಂಡಿಯಾ) ಸಭೆ ಆದಾಗ ಬ್ಯಾಪ್ಟಿಸ್ಟರೂ ಒಳಗೆ ಬಂದರು. ಕೂಸಿಗೆ ಕೊಡುವುದೂ ಸರಿ, ದೊಡ್ಡವರಾದ ಮೇಲೆ ಕೊಡುವುದೂ ಸರಿ ಅಂತ ಇಟ್ಟುಕೊಂಡಿದ್ದಾರೆ. ಎರಡು ಸಲ ಕೊಡುವುದಕ್ಕೆ ಮಾತ್ರ ಅಲ್ಲಿಯೂ ಒಪ್ಪುವುದಿಲ್ಲ.

ನಿನ್ನ ಪತ್ರ ನಾನು ಇನ್ನೂ ಕೊಟ್ಟಿಲ್ಲ. ಸತ್ಯವೇದದೊಳಗೆ ಇಟ್ಟಿದ್ದೇನೆ. ಅದರಲ್ಲಿ ಗಂಜಿಯ ವಿಷಯ ಸೇರಿಸಿ ಇನ್ನೊಮ್ಮೆ ಬರೆದು ಕಳಿಸು. ಆ ಎಂಟು ತಿಂಗಳ ವಿಷಯವನ್ನೂ ಬರೆ, ಅವರು ಓದಬೇಕು. ವಚನಗಳನ್ನು ತೆಗೆಯಬೇಕಾಗಿಲ್ಲ, ಇರಲಿ. ಆಮೇಲೆ ನಾನೇ ಹೋಗಿ ಕೈಗೆ ಕೊಟ್ಟು ಬರುತ್ತೇನೆ.

ಆ ದಿನ ಬರುತ್ತೀಯಾ ಅಂತ ಕೇಳಿದ್ದೀ. ಇವತ್ತು ಕೇಳಿದರೆ ಇಲ್ಲ. ತಾರೀಕು ಗೊತ್ತಾದ ಮೇಲೆ ಇನ್ನೊಮ್ಮೆ ಕೇಳು. ಡಿಸೆಂಬರ್ ಅಂದೆ ಅಲ್ವಾ? ಬೆಂಗಳೂರಿನ ಚಳಿ, ನಿನಗೆ ಸೈನಸ್ ಬೇರೆ. ನೀರು ಬೆಚ್ಚಗೆ ಮಾಡುತ್ತಾರಾ ಅಂತ ವಿಚಾರಿಸು. ತಲೆ ಒರೆಸಲು ಆ ತೆಳ್ಳಗಿನ ಟವೆಲ್ ಸಾಲದು, ಇಲ್ಲಿಂದ ದಪ್ಪದ್ದು ಒಂದು ಕಳಿಸುತ್ತೇನೆ.

ನಿನ್ನ
ಅಮ್ಮ