ಎಲ್ಲ ದಮ್ಮೂ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಏದುಸಿರು ಬಿಡುವವರು ಹೆಚ್ಚುತ್ತಾರೆ. ಕಾಯಿಲೆ ಯಾವುದೇ ಇರಲಿ, ನಾವು ಕರೆಯುವುದು ದಮ್ಮು ಎಂದೇ. ಹೆಸರು ಒಂದೇ ಆದದ್ದರಿಂದ ಔಷಧವೂ ಒಂದೇ ಆಗಿಬಿಡುತ್ತಿರುವುದು ನನ್ನ ಆತಂಕ.

ನನ್ನ ತಾಯಿ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತವರು. ಹಸಿ ಸೌದೆ ಹೊತ್ತಿಕೊಳ್ಳದಿದ್ದಾಗ ಊದುಗೊಳವೆ ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದರು. ಬೀಡಿಯನ್ನು ಮುಟ್ಟಿದವರಲ್ಲ. ಉಸಿರು ಕಟ್ಟತೊಡಗಿದಾಗ ಆಸ್ತಮಾ ಎಂದು ಕೊಟ್ಟ ಗುಳಿಗೆಯನ್ನೇ ಆರು ವರ್ಷ ನುಂಗಿದರು. ಕಡೆಗೆ ಉಸಿರು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿದ ಮೇಲೆ ತಿಳಿದದ್ದು, ಅದು ಆಸ್ತಮಾ ಅಲ್ಲ, ಹೊಗೆಯಿಂದ ಬಂದ ಸಿಒಪಿಡಿ, ಅಂದರೆ ಉಸಿರಿನ ದಾರಿಯಲ್ಲಿ ಅಡಚಣೆ ಕಾಯಂ ಆಗಿ ಉಳಿಯುವ ಶ್ವಾಸಕೋಶದ ಕಾಯಿಲೆ ಎಂದು.

ಶ್ವಾಸನಾಳವು ಮರದಂತೆ ಕವಲೊಡೆಯುತ್ತ, ಸುಮಾರು 23 ಕವಲುಗಳನ್ನು ದಾಟಿ ಗಾಳಿಚೀಲಗಳನ್ನು ಮುಟ್ಟುತ್ತದೆ. ಆಸ್ತಮಾದಲ್ಲಿ ಈ ಕೊಳವೆಗಳ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಔಷಧ ಸೇದಿದರೆ ಬಹುಮಟ್ಟಿಗೆ ಸಡಿಲವಾಗುತ್ತದೆ. ಸಿಒಪಿಡಿ ಎಂಬ ಹೆಸರಿನಡಿ ಬರುವ ಕಾಯಿಲೆಗಳು ಮುಖ್ಯವಾಗಿ ಎರಡು. ದೀರ್ಘಕಾಲದ ಬ್ರಾಂಕೈಟಿಸ್‌ನಲ್ಲಿ ದೊಡ್ಡ ಕೊಳವೆಗಳ ಗ್ರಂಥಿಗಳು ಹಿಗ್ಗಿ ಕಫ ಸುರಿಸುತ್ತವೆ. ಎಂಫಿಸೀಮಾ ಹಿಡಿಯುವುದು ತುದಿಯ ಗಾಳಿಚೀಲಗಳನ್ನು: ಅವುಗಳ ಗೋಡೆ ಹರಿದು ಪುಟಿಯುವ ಗುಣ ಹೋದಾಗ ಒಳಗೆ ಹೋದ ಗಾಳಿ ಹೊರಬರಲಾರದೆ ಉಳಿಯುತ್ತದೆ, ಹರಿದ ಗೋಡೆ ಮತ್ತೆ ಬೆಳೆಯುವುದಿಲ್ಲ. ಅಮ್ಮ ಜಗುಲಿಯಲ್ಲಿ ಮೊಣಕಾಲಿಗೆ ಕೈಯೂರಿ, ತುಟಿ ಚೂಪು ಮಾಡಿಕೊಂಡು ನಿಧಾನಕ್ಕೆ ಉಸಿರು ಬಿಡುವುದೇಕೆಂದು ನನಗೆ ಅರ್ಥವಾದದ್ದು ಇದನ್ನು ತಿಳಿದ ಮೇಲೆ.

ಎಲ್ಲಕ್ಕಿಂತ ಮೋಸದ ಜಾಗ ಎರಡು ಮಿಲಿಮೀಟರಿಗಿಂತ ಸಣ್ಣ ಕೊಳವೆಗಳದು. ಅವು ಲೆಕ್ಕವಿಲ್ಲದಷ್ಟು ಇರುವುದರಿಂದ ಸಾಕಷ್ಟು ಹಾಳಾಗುವ ತನಕ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತುವಾಗ ದಣಿವಾದರೆ ವಯಸ್ಸಾಯಿತೆಂದು ಸುಮ್ಮನಾಗುತ್ತೇವೆ.

ಸ್ಪೈರೋಮೆಟ್ರಿಯಲ್ಲಿ ಸೂಜಿಯ ನೋವಿಲ್ಲ. ಎದೆ ತುಂಬ ಉಸಿರೆಳೆದು ಜೋರಾಗಿ ಊದಬೇಕು. ನಳಿಕೆ ಸಡಿಲಿಸುವ ಔಷಧ ಸೇದಿದ ಬಳಿಕವೂ ಊದಿದ ಒಟ್ಟು ಗಾಳಿಯಲ್ಲಿ ಶೇ 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಬಂದರೆ ಅಡಚಣೆ ಉಳಿದಿದೆ ಎಂದರ್ಥ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇಂದಿಗೂ ಸೌದೆಯಲ್ಲಿ ಅಡುಗೆ ಮಾಡುವ ಹೆಣ್ಣುಮಕ್ಕಳು ಇದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗುವಂತಾಗಬಾರದು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವಾರದಲ್ಲಿ ಒಂದು ದಿನವಾದರೂ, ಸಾಧ್ಯವಾದರೆ ಸಂತೆಯ ದಿನವೇ, ಈ ಪರೀಕ್ಷೆ ನಡೆಯುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮೂಡಿಗೆರೆ