ಕುದುರೆಯಿಂದ ಶುರು ಮಾಡಿ

ಪ್ರಿಯರೇ,

ನಿಮ್ಮ ಕಥೆ ಓದಿದೆ. ‘ಲಕ್ಷಾಂತರ ಜನರನ್ನು ನುಂಗಲಿದ್ದ ಮಹಾಯುದ್ಧಕ್ಕೆ ಅಂದು ನಾಂದಿಯಾಯಿತು’ ಎಂದು ಆರಂಭಿಸಿದ್ದೀರಿ. ಆ ವಾಕ್ಯ ಹೊಡೆದುಹಾಕಿ. ಅದು ನಿಮಗೆ ಗೊತ್ತು. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಆರಂಭದಲ್ಲಿ, 1861ರ ಜೂನ್ 3ರ ನಸುಕಿನಲ್ಲಿ, ಪಶ್ಚಿಮ ವರ್ಜೀನಿಯಾದ ಫಿಲಿಪ್ಪಿ ಎಂಬ ಊರಿನಲ್ಲಿ ಮಲಗಿದ್ದವರಿಗೆ ಗೊತ್ತಿರಲಿಲ್ಲ.

ಅವರಿಗೆ ಗೊತ್ತಿದ್ದದ್ದು ಮಳೆಯೊಂದೇ. ಕರ್ನಲ್ ಪೋರ್ಟರ್‌ಫೀಲ್ಡನ ಸುಮಾರು 800 ದಕ್ಷಿಣದ ಸೈನಿಕರು ಕಾವಲನ್ನೂ ಸರಿಯಾಗಿ ಹಾಕದೆ ನಿದ್ದೆಹೋಗಿದ್ದರು. ಇಂಥ ಮಳೆಯಲ್ಲಿ ಯಾರು ಬರುತ್ತಾರೆ? ಬಂದವರು ಉತ್ತರದ ಸುಮಾರು 3000 ಸೈನಿಕರು, ಇರುಳಿಡೀ ಅದೇ ಮಳೆಯಲ್ಲಿ ನೆನೆದುಕೊಂಡು, ಎರಡು ದಾರಿಯಾಗಿ. ದಾಳಿಯ ಸಂಕೇತ ಒಂದು ಪಿಸ್ತೂಲಿನ ಗುಂಡು. ಊರಿನ ಐತಿಹ್ಯದಂತೆ, ಮಗನನ್ನು ಹಿಡಿದರೆಂದು ಕೆರಳಿದ ಮಟಿಲ್ಡಾ ಹಂಫ್ರೀಸ್ ಎಂಬಾಕೆ ಹಾರಿಸಿದ ಗುಂಡನ್ನೇ ಫಿರಂಗಿಯವರು ಸಂಕೇತವೆಂದುಕೊಂಡರು. ಎರಡನೆಯ ದಂಡು ಇನ್ನೂ ತನ್ನ ಜಾಗ ಸೇರಿರಲಿಲ್ಲ. ಓಡಲು ದಾರಿ ತೆರೆದೇ ಇತ್ತು. ದಕ್ಷಿಣದವರಲ್ಲಿ ಹಲವರು ಮಲಗಿದ್ದ ಬಟ್ಟೆಯಲ್ಲೇ ಓಡಿದರು. ‘ಫಿಲಿಪ್ಪಿಯ ಓಟದ ಪಂದ್ಯ’ ಎಂದು ಉತ್ತರದವರು ಆಡಿಕೊಂಡು ನಕ್ಕರು. ಗಾಂಭೀರ್ಯ ಕೆಟ್ಟೀತೆಂದು ನೀವು ಈ ನಗುವನ್ನೇ ಬಿಟ್ಟಿದ್ದೀರಿ. ಹೀಗೇಕೆ? ನಗೆಪಾಟಲಾದ ಅದೇ ಬೆಳಗಿನಲ್ಲಿ ಒಬ್ಬನ ಕಾಲು ಹೋಯಿತು.

ಜೇಮ್ಸ್ ಹ್ಯಾಂಗರ್‌ಗೆ 18 ವರ್ಷ. ಕಾಲೇಜು ಬಿಟ್ಟು ಆಗಷ್ಟೇ ದಕ್ಷಿಣದ ಸೈನ್ಯಕ್ಕೆ ಬಂದಿದ್ದ. ಗದ್ದಲ ಕೇಳಿ ಕುದುರೆ ತರಲು ಕೊಟ್ಟಿಗೆಗೆ ಓಡಿದಾಗ ಫಿರಂಗಿ ಗುಂಡು ಬಡಿಯಿತು. ಶತ್ರುಪಕ್ಷದ ವೈದ್ಯನೇ ಕಾಲು ಕತ್ತರಿಸಿದ. ನೀವು ಆ ಹುಡುಗನ ಬಾಯಲ್ಲಿ ತಾಯ್ನಾಡಿನ ಮೇಲೆ ಅರ್ಧ ಪುಟ ಭಾಷಣ ಇಟ್ಟಿದ್ದೀರಿ. (ನನ್ನ ಮೊದಲ ಕಾದಂಬರಿಯ ರೈತನೂ ಹೀಗೇ ಇತಿಹಾಸದ ಪಾಠ ಹೇಳುತ್ತಿದ್ದ, ಈಗ ಓದಲು ನಾಚಿಕೆಯಾಗುತ್ತದೆ.) ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಹ್ಯಾಂಗರ್ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಕೊರಗುತ್ತಿದ್ದಾನೆಂದು ಮನೆಯವರು ತಿಳಿದಿದ್ದರು. ಅವನು ಪೀಪಾಯಿಯ ಹಲಗೆ ಕೆತ್ತಿ, ಮಂಡಿಯಲ್ಲಿ ಮಡಚುವ ಕಾಲನ್ನು ತನಗೆ ತಾನೇ ಮಾಡಿಕೊಳ್ಳುತ್ತಿದ್ದ. ಮುಂದೆ ಅದೇ ಅವನ ಉದ್ಯಮವಾಯಿತು. ನೀವು ಈ ತಿಂಗಳುಗಳನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ.

ಮುಂದಿನ ಕರಡನ್ನು ಆ ಕುದುರೆಯಿಂದ ಶುರು ಮಾಡಿ. ಅದರ ಬಣ್ಣ ಯಾವುದೆಂದು ನಿರ್ಧರಿಸಿದ ಮೇಲೆ ನನಗೆ ಬರೆಯಿರಿ.

ನಿಮ್ಮ ಹಿತೈಷಿ